540 ಗೆರೆಯ ಕಾಡು

ನಾನು ಮದುವೆ ಫೋಟೊ ತೆಗೆಯುವವನು. ಸಾಗರದ ಪೇಟೆಯಲ್ಲಿ 22 ವರ್ಷದಿಂದ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಆಷಾಢ ಬಂತೆಂದರೆ ಮುಹೂರ್ತವಿಲ್ಲ, ಮಳೆ ಬಿಡುವುದಿಲ್ಲ. ಆ ಒಂದು ತಿಂಗಳು ನಾನು ವಿಡಿಯೊ ಗೇಮ್ ಆಡುತ್ತೇನೆ. 47ರ ಗಂಡಸು ಇದನ್ನು ಪತ್ರಿಕೆಯಲ್ಲಿ ಒಪ್ಪಿಕೊಂಡರೆ ಮಾವನ ಮನೆಯವರು ಏನಂದುಕೊಂಡಾರು ಎಂಬ ಅಳುಕಿದೆ. ಇರಲಿ.

ಕಳೆದ ಆಷಾಢದಲ್ಲಿ ಬೆಂಗಳೂರಿನಿಂದ ಬಂದ ಅಣ್ಣನ ಮಗ ನನ್ನ ಕೈಯಲ್ಲಿದ್ದ ನಿಂಟೆಂಡೊ ಸ್ವಿಚ್‌ನೊಳಗೆ ಇಣುಕಿ ನಕ್ಕ. ಆಡುತ್ತಿದ್ದುದು 'ದಿ ವಿಚರ್ 3'. ಬಿಳಿ ಕೂದಲಿನ ಗೆರಾಲ್ಟ್ ಎಂಬ ಬಾಡಿಗೆ ಬೇಟೆಗಾರ ಹಳ್ಳಿ ಹಳ್ಳಿ ಅಲೆಯುತ್ತ ಭೂತ ಪಿಶಾಚಿಗಳ ಕಾಟ ಬಿಡಿಸುವ ರೋಲ್ ಪ್ಲೇಯಿಂಗ್ ಆಟ ಅದು. "ಚಿಕ್ಕಪ್ಪಾ, ಇದು ಕನ್ನಡಕ ಮನೆಯಲ್ಲಿಟ್ಟು ಕಾಡಿಗೆ ಹೋದ ಹಾಗಿದೆ" ಎಂದ. ಅವನದು ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ಹಾಕಿದ ಪಿಸಿ, 4ಕೆ ಮಾನಿಟರ್. ಕೂಡಲೇ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದ. ನಡುವೆ ಬಿಳಿ ಗೆರೆ, ಎಡಕ್ಕೆ ಪಿಸಿ, ಬಲಕ್ಕೆ ಸ್ವಿಚ್. ನಿಲ್ಲಿಸಿದ, ಎರಡು ಬೆರಳಿನಲ್ಲಿ ಹಿಗ್ಗಿಸಿದ, ಒಂದು ಮರದ ತೊಗಟೆಯ ಮೇಲೆ ಉಗುರಿಟ್ಟು "ನೋಡಿ" ಎಂದ.

ಅವನ ಲೆಕ್ಕ ಸುಳ್ಳಲ್ಲ. ಕೈಯಲ್ಲಿ ಹಿಡಿದು ಆಡುವಾಗ ಸ್ವಿಚ್ ಈ ಆಟವನ್ನು ಹೆಚ್ಚೆಂದರೆ 540 ಗೆರೆಯಲ್ಲಿ, ಅಂದರೆ ಚುಕ್ಕಿಗಳ 540 ಅಡ್ಡಸಾಲಿನಲ್ಲಿ, ತೋರಿಸುತ್ತದೆ. ಯಂತ್ರಕ್ಕೆ ಏದುಸಿರು ಬಂದಾಗ ಅದಕ್ಕಿಂತಲೂ ಕೆಳಗಿಳಿಯುತ್ತದೆ. 960 ಗುಣಿಸು 540, ಅಂದರೆ ಸುಮಾರು ಐದು ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ ಇರುವುದು ಅದರ ಸರಿಯಾಗಿ 16 ಪಟ್ಟು. 2015ರ ಮೇ ತಿಂಗಳಲ್ಲಿ ಆಟ ಮೊದಲು ಬಂದಾಗ ಪ್ಲೇಸ್ಟೇಷನ್ 4ರಲ್ಲಿ 1080 ಗೆರೆ ಇತ್ತು, ಎಕ್ಸ್‌ಬಾಕ್ಸ್ ಒನ್‌ನಲ್ಲಿ 900. ಆಗ ಆ 180 ಗೆರೆಗಾಗಿ ಜನ ಪರಸ್ಪರ ಮುಖ ನೋಡದಷ್ಟು ಜಗಳವಾಡಿದ್ದರು.

ಆದರೆ ನನ್ನ ಕಸುಬು ಕಲಿಸಿದ್ದು ಬೇರೆ. 12ಕ್ಕೆ 36 ಇಂಚಿನ ಕರಿಜ್ಮಾ ಆಲ್ಬಂಗೆ ಹೋಗುವ ಚಿತ್ರ ಒಂದು, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಚಿತ್ರ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಹಿಗ್ಗಿಸಿ ನೋಡುವವನು ಫೋಟೊ ನೋಡುತ್ತಿಲ್ಲ, ಕಾಗದ ನೋಡುತ್ತಿದ್ದಾನೆ. ಸ್ವಿಚ್‌ನ ಪರದೆ 6.2 ಇಂಚು, ಅದರಲ್ಲಿರುವುದೇ 720 ಗೆರೆ. ಮೊಣಕೈ ಮಡಚಿ ಹಿಡಿದರೆ ಕಣ್ಣಿಗೂ ಅದಕ್ಕೂ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ. ಅಲ್ಲಿ ತೊಗಟೆಯ ಬಿರುಕು ಕಾಣದಿದ್ದರೆ ನಷ್ಟವೇನು?

ನನಗೆ ಕುತೂಹಲ ಇದ್ದದ್ದು ಈ ಕಾಡನ್ನು ಅಷ್ಟು ಸಣ್ಣ ಡಬ್ಬಿಗೆ ತುಂಬಿದವರು ಏನು ಬಿಟ್ಟರು, ಏನು ಉಳಿಸಿಕೊಂಡರು ಎಂಬುದರಲ್ಲಿ. ಆಟ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರದು. ಸ್ವಿಚ್‌ಗೆ ಇಳಿಸಿದ್ದು ಸೇಬರ್ ಇಂಟರಾಕ್ಟಿವ್, 2019ರ ಅಕ್ಟೋಬರ್‌ನಲ್ಲಿ. ಪ್ಲೇಸ್ಟೇಷನ್ 4ಕ್ಕೆ 8 ಜಿಬಿ ಮೆಮೊರಿ, ಸ್ವಿಚ್‌ಗೆ ಅದರ ಅರ್ಧ. ಮೂಲ ಆಟವನ್ನೂ ಆಮೇಲೆ ಬಂದ ಎರಡು ದೊಡ್ಡ ಕಥೆಗಳನ್ನೂ 32 ಜಿಬಿಯ ಒಂದೇ ಕಾರ್ಡಿನಲ್ಲಿ ಕೂರಿಸಬೇಕಿತ್ತು. ಹುಲ್ಲನ್ನು ತೆಳುಮಾಡಿದರು. ದೂರದ ಮರಗಳು ಹತ್ತಿರ ಹೋದಾಗಲಷ್ಟೇ ಥಟ್ಟನೆ ಹುಟ್ಟುತ್ತವೆ. ನೆರಳುಗಳ ಅಂಚು ಕರಗಿದೆ, ಗೋಡೆ ಕಲ್ಲುಗಳ ಮೈ ಕಲಸಿದ ಹಿಟ್ಟಿನಂತೆ. ಆದರೆ ಗಾಳಿಯನ್ನು ಬಿಡಲಿಲ್ಲ. ಈ ಆಟದಲ್ಲಿ ಮಳೆ ಬರುವ ಮುನ್ನ ಮರಗಳು ಬುಡದಿಂದ ತೂಗುತ್ತವೆ. ವೆಲೆನ್ ಎಂಬ ಜೌಗು ಸೀಮೆಯಲ್ಲಿ ಸಂಜೆಯ ಕಿತ್ತಳೆ ಬೆಳಕು ಆ ತೂಗುವ ಎಲೆಗಳ ಸಂದಿಯಿಂದ ಬಿದ್ದಾಗ ಯಾರೋ ಸತ್ತ ಊರಿಗೆ ಬಂದಿದ್ದೇವೆ ಅನ್ನಿಸುತ್ತದೆ. ಮಾತುಕತೆಯ ದೃಶ್ಯಗಳಲ್ಲಿ ಗೆರಾಲ್ಟ್‌ನ ಕೆನ್ನೆಯ ಗಾಯದ ಮೇಲೆ ಒಂದು ಬದಿಯಿಂದ ಬೀಳುವ ಬೆಳಕೂ ಹಾಗೇ ಇದೆ. ದಿನಾ ಸಾಫ್ಟ್ ಬಾಕ್ಸ್ ಹೊರುವ ನನ್ನಂಥವನಿಗೆ ಅದು ತಟ್ಟನೆ ಕಾಣುತ್ತದೆ. ಯಾವುದರಿಂದ ಚಿತ್ರ ನಿಂತಿದೆಯೋ ಅದನ್ನು ಮುಟ್ಟದೆ ಉಳಿದದ್ದನ್ನು ಕತ್ತರಿಸಿದ್ದಾರೆ. ಎಲ್ಲ ಇದ್ದು ಎಲ್ಲ ತೋರಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಇದನ್ನೇ ಡಾಕ್‌ಗೆ ಸಿಕ್ಕಿಸಿ ಹಾಲ್‌ನ 43 ಇಂಚಿನ ಟಿವಿಯಲ್ಲಿ ಹಾಕಿದರೆ ಸೋಲುತ್ತದೆ, ಒಪ್ಪುತ್ತೇನೆ. ಅಲ್ಲಿ 720 ಗೆರೆಯೂ ಸಾಲದು. ಗೆರಾಲ್ಟ್‌ನ ಕೂದಲು ಮಳೆಗೆ ನೆನೆದ ತೆಂಗಿನ ನಾರಿನ ಹಾಗೆ ಕಂಡಿತು. ಹುಡುಗ ಗೆದ್ದವನಂತೆ ಚಹಾ ಕುಡಿದ.

ನಿಲ್ಲಿಸಿ ತೋರಿಸುವ ಹೋಲಿಕೆಯಲ್ಲಿ ಇನ್ನೊಂದು ಮೋಸವಿದೆ. ನಿಂತ ಚಿತ್ರದಲ್ಲಿ ಫ್ರೇಮ್ ಬೀಳುವುದಿಲ್ಲ. ಇದೇ ವಿಚರ್ ಬಂದ ಹೊಸತರಲ್ಲಿ ಪ್ಲೇಸ್ಟೇಷನ್ 4ರಲ್ಲಿ ಮಾಟಗಾತಿಯರ ಜೌಗಿಗೆ ಕಾಲಿಟ್ಟರೆ ಸೆಕೆಂಡಿಗೆ 30 ಇರಬೇಕಾದ ಫ್ರೇಮ್‌ಗಳು 20ರ ಆಸುಪಾಸಿಗೆ ಕುಸಿಯುತ್ತಿದ್ದವು. ಕತ್ತಿ ಬೀಸುವುದು ಈಗ, ತಗಲುವುದು ಆಮೇಲೆ. ಫೋಟೊ ನೋಡಿದವನಿಗೆ ಅದು ಹೇಗೆ ಗೊತ್ತಾಗಬೇಕು?

ಸ್ಪಷ್ಟತೆ ಹೆಚ್ಚಿದಷ್ಟೂ ಅಂದ ಹೆಚ್ಚುತ್ತದೆ ಎಂಬುದೂ ನಿಜವಲ್ಲ. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ 'ಫೈನಲ್ ಫ್ಯಾಂಟಸಿ 7' ಡಬ್ಬಾ ಟಿವಿಗಾಗಿ ಮಾಡಿದ ಆಟ. ಅದರ ಹಿನ್ನೆಲೆಗಳೆಲ್ಲ ಮೊದಲೇ ತಯಾರಿಸಿಟ್ಟ ಚಿತ್ರಪಟಗಳು, ಮುಂದೆ ಓಡಾಡುವ ಪಾತ್ರಗಳು ಮಾತ್ರ ಆಗಿಂದಾಗ್ಗೆ ರೂಪುಗೊಳ್ಳುವಂಥವು. ಟಿವಿಯ ಮಬ್ಬು ಎರಡನ್ನೂ ಬೆಸೆಯುತ್ತಿತ್ತು. ಮರುವರ್ಷ ಪಿಸಿಗೆ ಬಂದಾಗ ಪಾತ್ರಗಳು ಚೂಪಾದವು, ಹಿನ್ನೆಲೆ ಹಿಗ್ಗಿ ಮಂಜಾಯಿತು. ಹಳೇ ಸ್ಟುಡಿಯೊಗಳಲ್ಲಿ ಬಟ್ಟೆಯ ಮೇಲೆ ಬರೆದ ತಾಜ್‌ಮಹಲಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊ ನೆನಪಿಸಿಕೊಳ್ಳಿ.

ಹಾಗಾದರೆ ಹೋಲಿಕೆಯೇ ಬೇಡವೇ? ಬೇಕು. ಕೊಳ್ಳುವವನಿಗೆ ಅದಕ್ಕಿಂತ ಮುಖ್ಯವಾದದ್ದಿಲ್ಲ. 2020ರ ಡಿಸೆಂಬರ್ 10ರಂದು ಇದೇ ಪೋಲೆಂಡಿನ ಸ್ಟುಡಿಯೊದ 'ಸೈಬರ್‌ಪಂಕ್ 2077' ಬಿಡುಗಡೆಯಾಯಿತು. ಮುಂಚಿತವಾಗಿ ವಿಮರ್ಶಕರ ಕೈಗೆ ಕೊಟ್ಟಿದ್ದು ಪಿಸಿಯ ಪ್ರತಿ. ಹೊಗಳಿಕೆ ಹರಿಯಿತು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇಟ್ಟುಕೊಂಡವರು ಅದನ್ನೇ ನಂಬಿ ಕೊಂಡರೆ, ಅವರಿಗೆ ಸಿಕ್ಕಿದ್ದು ತಡವರಿಸುವ, ಮಸುಕಾದ, ನಡುನಡುವೆ ಮುಚ್ಚಿಹೋಗುವ ಆಟ. ಹತ್ತು ದಿನ ತುಂಬುವ ಮೊದಲೇ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ವಾಪಸು ಕೊಟ್ಟಿತು. ಮತ್ತೆ ಅಲ್ಲಿಗೆ ಬಂದಿದ್ದು 2021ರ ಜೂನ್‌ನಲ್ಲಿ. ಮಸುಕು ಚಿತ್ರದ ಮೇಲೆ ನನಗೆ ಸಿಟ್ಟಿಲ್ಲ. ಒಂದು ಯಂತ್ರದ ಚಿತ್ರ ತೋರಿಸಿ ಇನ್ನೊಂದು ಯಂತ್ರದವನಿಂದ ದುಡ್ಡು ತೆಗೆದುಕೊಳ್ಳುವುದರ ಮೇಲೆ ಇದೆ. ಬೇರೆಯವರು ತೆಗೆದ ಆಲ್ಬಂ ತೋರಿಸಿ ನಾನು ಮದುವೆ ಆರ್ಡರ್ ಹಿಡಿದರೆ ಸಾಗರದಲ್ಲಿ ಒಂದು ಸೀಸನ್ ದಾಟುತ್ತಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ಹುಡುಗ ತನ್ನ ಪಿಸಿಯ ಸೇವ್ ಫೈಲನ್ನು ನನ್ನ ಸ್ವಿಚ್‌ಗೆ ಇಳಿಸಿಕೊಂಡ. 2020ರಿಂದ ಆ ಅನುಕೂಲ ಇದೆ. ಕರೆಂಟ್ ಹೋಗಿತ್ತು, ಹೊರಗೆ ಜಡಿಮಳೆ. ಚಾರ್ಜ್ ಮುಗಿಯುವವರೆಗೂ ಕಂಬಳಿ ಹೊದ್ದು ಆಡಿದ. ತೊಗಟೆಯ ಮಾತು ಎತ್ತಲಿಲ್ಲ.

ಮುಂದಿನ ಸಲ ಆಟ ಕೊಳ್ಳಲು ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿರುವ ಯಂತ್ರದಲ್ಲೇ, ಓಡುತ್ತಿರುವ ಆಟವನ್ನೇ ತೋರಿಸಲು ಹೇಳಿ. ಬೇರೆ ಯಂತ್ರದ ಟ್ರೇಲರ್ ಹಾಕಿದರೆ ಪರ್ಸನ್ನು ಜೇಬಿಗಿಟ್ಟು ಬನ್ನಿ.