ಮೈಲೇಜು ಬಿಡಿ, ಕ್ವಿಂಟಲಿಗೆಷ್ಟು ಹೇಳಿ

ಪಿಕಪ್ ಇರುವ ನಾಲ್ಕು ಮಂದಿ ಸೇರಿದಲ್ಲಿ ಮಾತು ಕೊನೆಗೆ ಬಂದು ನಿಲ್ಲುವುದು ಮೈಲೇಜಿಗೆ. "ನಿಮ್ಮದು ಎಷ್ಟು ಕೊಡ್ತದೆ?" "ನನ್ನದು ಹದಿನಾಲ್ಕು." "ನನ್ನದು ಹನ್ನೊಂದು ದಾಟುವುದೇ ಇಲ್ಲ ಮಾರಾಯ್ರೇ." ಹನ್ನೊಂದರವರ ಮುಖ ಸಪ್ಪೆ. ಮರುದಿನ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ನ ತಲೆ ತಿನ್ನುತ್ತಾರೆ. ಪೆಟ್ರೋಲ್ ಬಂಕಿನವರ ಮೇಲೂ ಒಂದು ಗುಮಾನಿ.

ಈ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು ಕಾರಿನವರ ಲೆಕ್ಕ. ಅವರಿಗೆ ಊರು ಮುಟ್ಟಿದರೆ ಆಯಿತು. ನಾವು ಪಿಕಪ್ ತೆಗೆದುಕೊಂಡದ್ದು ಸಾಮಾನು ಹೊರಲಿಕ್ಕೆ. ಒಂದು ಕ್ವಿಂಟಲ್ ಮಾಲು ಪೇಟೆ ಮುಟ್ಟಲು ಎಷ್ಟು ಡೀಸೆಲ್ ಉರಿಯಿತು ಎಂಬುದೇ ನಮ್ಮ ಮೈಲೇಜು.

ಇಬ್ಬರ ಲೆಕ್ಕ

ಪೇಟೆ 30 ಕಿ.ಮೀ. ದೂರ ಅಂತ ಇಟ್ಟುಕೊಳ್ಳಿ. ಹೋಗಿ ಬಂದರೆ 60. ಒಬ್ಬರು ಎರಡು ಕ್ವಿಂಟಲ್ ಅಡಿಕೆ ಹಾಕಿಕೊಂಡು ಹೋದರು. ಗಾಡಿ ಹಗುರ, ಲೀಟರಿಗೆ 14 ಕಿ.ಮೀ. ಸಿಕ್ಕಿತು. ಖರ್ಚಾದ ಡೀಸೆಲ್ ಸುಮಾರು 4.3 ಲೀಟರ್. ಇನ್ನೊಬ್ಬರು ಹನ್ನೆರಡು ಕ್ವಿಂಟಲ್ ತುಂಬಿಸಿದರು. ಹೋಗುವಾಗ 11, ಖಾಲಿ ಬರುವಾಗ 14. ಒಟ್ಟು ಸುಮಾರು 4.9 ಲೀಟರ್.

ಮೈಲೇಜಿನಲ್ಲಿ ಗೆದ್ದದ್ದು ಮೊದಲಿನವರು. ಆದರೆ ಅವರಿಗೆ ಕ್ವಿಂಟಲಿಗೆ ಎರಡು ಲೀಟರಿಗಿಂತ ಹೆಚ್ಚು ಬಿತ್ತು. ಎರಡನೆಯವರಿಗೆ ಬಿದ್ದದ್ದು 400 ಮಿಲಿಲೀಟರ್ ಚಿಲ್ಲರೆ. ಐದು ಪಟ್ಟು ವ್ಯತ್ಯಾಸ! ಯಾವ ಮೆಕ್ಯಾನಿಕ್ ಟ್ಯೂನ್ ಮಾಡಿದರೂ ಐದು ಪಟ್ಟು ಉಳಿಸಿ ಕೊಡಲಾರ. ಬರುವಾಗ ಖಾಲಿ ಬಾರದೆ ಗೊಬ್ಬರವೋ ಹಿಂಡಿಯೋ ಹಾಕಿಕೊಂಡು ಬಂದರೆ ಉಳಿತಾಯ ಇನ್ನೂ ಹೆಚ್ಚು.

ಅರ್ಧ ಖಾಲಿ ಟ್ರಿಪ್ಪು ನಾನೂ ಮಾಡಿದವನೇ. ನಾಳೆ ಅಡಿಕೆ ರೇಟು ಇಳಿಯುತ್ತದಂತೆ ಎಂಬ ಸುದ್ದಿ ಕೇಳಿ ಮೂರು ಗೋಣಿ ಹಾಕಿಕೊಂಡು ಓಡಿದ್ದುಂಟು. ಸಿಕ್ಕಿದ ಲಾಭಕ್ಕಿಂತ ಡೀಸೆಲ್ ಖರ್ಚು ಹೆಚ್ಚು ಅಂತ ಗೊತ್ತಾದದ್ದು ಬರೆದಿಡಲು ಶುರು ಮಾಡಿದ ಮೇಲೆ.

ಏರು ಬಿಟ್ಟಿಯಲ್ಲ

ಹಾಗೆಂದು ಗಾಡಿಯ ಆರೈಕೆ ಬೇಡವೆಂದಲ್ಲ. ಡೀಸೆಲ್ ಎಲ್ಲಿ ಹೋಗುತ್ತದೆ ಅಂತ ನಮಗೆ ಗೊತ್ತಿರಬೇಕು.

ಮೊದಲನೆಯದು ಏರು. ಒಂದು ಟನ್ ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 90 ಮಿಲಿಲೀಟರ್ ಡೀಸೆಲ್ ಬೇಕು. ಡೀಸೆಲಿನ ಶಕ್ತಿಯಲ್ಲಿ ಶೇ. 30 ಮಾತ್ರ ಚಕ್ರಕ್ಕೆ ಸಿಗುತ್ತದೆ ಎಂದು ಹಿಡಿದು ಮಾಡಿದ ಲೆಕ್ಕ ಇದು. ಉಪ್ಪಿನಂಗಡಿಯಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಾಗ ಏರಿಕೆ ಸುಮಾರು 900 ಮೀಟರ್. ಗಾಡಿ, ಮಾಲು ಸೇರಿ ಮೂರು ಟನ್ ಇದ್ದರೆ ಬರೇ ಎತ್ತರಕ್ಕೇ ಎರಡೂವರೆ ಲೀಟರಿನಷ್ಟು ಹೋಗುತ್ತದೆ. ರಸ್ತೆಯ ದೂರದ್ದು ಬೇರೆ. ಹಾಗಾಗಿ ಘಟ್ಟ ಹತ್ತುವವರ ಗಾಡಿಯನ್ನೂ ಕರಾವಳಿಯ ಸಮತಟ್ಟು ರಸ್ತೆಯಲ್ಲಿ ಓಡುವ ಗಾಡಿಯನ್ನೂ ಹೋಲಿಸಿ ಬೇಸರ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಗಾಡಿಯ ಹಿಂದೆ ಬಿದ್ದುಕೊಂಡಿರುವ ಹಳೆ ಪಂಪು, ಪೈಪಿನ ತುಂಡು, ಕಬ್ಬಿಣದ ಸರಳು ಇಳಿಸಿ. ಅವೂ ದಿನವೂ ಏರು ಹತ್ತುತ್ತವೆ.

ಎರಡನೆಯದು ವೇಗ. ಗಾಳಿಯ ಎದುರೊತ್ತಡ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. ಗಂಟೆಗೆ 60 ಇದ್ದದ್ದನ್ನು 80 ಮಾಡಿದರೆ ಆ ಒತ್ತಡ ಮುಕ್ಕಾಲು ಪಟ್ಟು ಹೆಚ್ಚುತ್ತದೆ. ಎತ್ತರದ ಬಾಡಿ ಕಟ್ಟಿಸಿ, ಮೇಲಿನಿಂದ ಟರ್ಪಾಲು ಪಟಪಟ ಹಾರುತ್ತಿದ್ದರೆ ಮತ್ತೂ ಹೆಚ್ಚು. 45ರಿಂದ 55ರೊಳಗೆ ಓಡಿಸಿ ಅಂತ ಪೆಟ್ರೋಲಿಯಂ ಸಂರಕ್ಷಣೆಯವರು ಬಹಳ ಕಾಲದಿಂದ ಹೇಳುತ್ತಿದ್ದಾರೆ. 30 ಕಿ.ಮೀ. ದಾರಿಯಲ್ಲಿ ಓಡಿಸಿ ಓಡಿಸಿ ಉಳಿಯುವುದು ಏಳೆಂಟು ನಿಮಿಷ. ಆ ನಿಮಿಷಗಳನ್ನು ನಾವು ಚಾ ಕುಡಿದು ಮುಗಿಸುತ್ತೇವೆ.

ಮೂರನೆಯದು ನಮ್ಮದೇ ಮನೆ ದಾರಿ. ಮಳೆಗಾಲದ ಕೆಸರಿನಲ್ಲಿ ಚಕ್ರ ಉರುಳಲು ಟಾರು ರಸ್ತೆಗಿಂತ ಹಲವು ಪಟ್ಟು ಬಲ ಬೇಕು. ಚಕ್ರ ಜಾರಿ ತಿರುಗಿದರಂತೂ ಡೀಸೆಲ್ ಪೂರ್ತಿ ದಂಡ. ಬದಿಗೆ ಚರಂಡಿ ಮಾಡಿ ನೀರು ಬಿಡಿಸಿ. ಕಡಿದಾದ ಏರಿನಲ್ಲಿ ಚಕ್ರ ಹೋಗುವಷ್ಟೇ ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟು ಹಾಕಿದರೂ ಸಾಕು.

ಕೈಯಲ್ಲೇ ಇರುವ ಮದ್ದು

ಟಯರಿನ ಗಾಳಿ ತಿಂಗಳಿಗೆ ಎರಡು ಸಲ ನೋಡಿ. ಗಾಡಿ ಓಡಿ ಬಿಸಿಯಾಗುವ ಮೊದಲೇ ನೋಡಬೇಕು. ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಉಂಟು. ಲೋಡು ಇರುವಾಗ ಹಿಂದಿನ ಚಕ್ರಕ್ಕೆ ಹೆಚ್ಚು ಬೇಕು.

ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಬಳಿ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ವಿಪರೀತ ಬಿಸಿಯಿದ್ದರೆ ಅದರ ಬ್ರೇಕು ಹಿಡಿದುಕೊಂಡಿದೆ ಅಂತ ಅನುಮಾನ ಪಡಬೇಕು. ಬ್ರೇಕು ಹಿಡಿದ ಚಕ್ರವನ್ನು ಎಳೆಯುವುದೂ ಡೀಸೆಲೇ. ಗಾಳಿಯ ಫಿಲ್ಟರಿಗೆ ನಮ್ಮ ಕೆಂಪು ಧೂಳು ಬೇಗ ತುಂಬುತ್ತದೆ. ಎರಡು ಸರ್ವೀಸಿನ ನಡುವೆ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಬಿಡಿ. ಮಾಲು ತೂಗುವ ಸರದಿಗೆ ಕಾಯುವಾಗ ಎಂಜಿನ್ ನಿಲ್ಲಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಉಂಟು. ನಿಂತಲ್ಲೇ ಉರಿಸಿದರೆ, ಬರೇ ಒಂದೆರಡು ಕಿ.ಮೀ. ಓಡಿಸುತ್ತಿದ್ದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆ ಮಸಿಯನ್ನು ಸುಡಲಿಕ್ಕೂ ಡೀಸೆಲೇ ಬೇಕು.

ಒಂದು ಮಾತು ಎಚ್ಚರಿಕೆಗೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಕೆಲವರು ಎಂಜಿನನ್ನೇ ನಿಲ್ಲಿಸಿ ಬರುತ್ತಾರೆ. ಡೀಸೆಲ್ ಉಳಿಯುತ್ತದೆ ಅಂತ ಅವರ ನಂಬಿಕೆ. ಈಗಿನ ಎಂಜಿನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿಯೇ ಉರಿಯುವುದು ಜಾಸ್ತಿ. ಎಂಜಿನ್ ನಿಲ್ಲಿಸಿದರೆ ಬ್ರೇಕು ಗಟ್ಟಿಯಾಗುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ತುಂಬಿದ ಗಾಡಿ ಘಾಟಿಯಲ್ಲಿ ಕೈತಪ್ಪಿದರೆ ಉಳಿಸಿದ ಡೀಸೆಲ್ ಯಾರಿಗೆ?

ನಾಲ್ಕು ಮನೆ, ಒಂದು ಲೋಡು

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ಎರಡು ಎಕರೆ ತೋಟದಲ್ಲಿ ವರ್ಷಕ್ಕೆ ಇಪ್ಪತ್ತು ಕ್ವಿಂಟಲ್ ಒಣ ಅಡಿಕೆ ಆಯಿತು ಅಂತ ಇಟ್ಟುಕೊಂಡರೂ ಅದು ಪಿಕಪ್ಪಿನ ಎರಡು ಲೋಡು. ಗೊಬ್ಬರ, ತೆಂಗಿನಕಾಯಿ, ಬಾಳೆಗೊನೆ ಸೇರಿಸಿ. ಆದರೂ ವರ್ಷದ 365 ದಿನಗಳಲ್ಲಿ ಗಾಡಿ ತುಂಬಿ ಓಡುವ ದಿನ ಎಷ್ಟು? ಉಳಿದ ದಿನ ಅದು ಅಂಗಳದಲ್ಲಿರುತ್ತದೆ, ಇಲ್ಲವೇ ಒಂದು ಚೀಲ ಹಿಂಡಿಗಾಗಿ ಪೇಟೆಗೆ ಓಡುತ್ತದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ನೆರೆಯ ನಾಲ್ಕು ಮನೆಯವರು ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ಒಂದೇ ಗಾಡಿಯಲ್ಲಿ ಮಾಲು ಕಳಿಸಲು ಸಾಧ್ಯವಿಲ್ಲವೇ? ಬಾಡಿಗೆ ಗಾಡಿಯಾದರೂ ಸರಿ. ಟ್ರಿಪ್ಪಿನ ಬಾಡಿಗೆ ನಾಲ್ಕು ಪಾಲಾಗುತ್ತದೆ. ತೊಂದರೆಗಳು ನನಗೂ ಗೊತ್ತು. ಒಬ್ಬರದ್ದು ಒಣಗಿರುವುದಿಲ್ಲ, ಇನ್ನೊಬ್ಬರಿಗೆ ರೇಟು ಕಾಯಬೇಕು, ಮತ್ತೊಬ್ಬರಿಗೆ ತನ್ನ ಮಾಲೆಷ್ಟು ಅಂತ ನೆರೆಯವರಿಗೆ ಗೊತ್ತಾಗಬಾರದು. ಕಾಯಿಲೆ, ಕಸಾಲೆ ಬಂದ ರಾತ್ರಿಗೆ ಮನೆಯಲ್ಲೊಂದು ಗಾಡಿ ಬೇಕು ಎನ್ನುವವರೂ ಇದ್ದಾರೆ. ಆ ಮಾತು ಸುಳ್ಳಲ್ಲ. ಆದರೆ ಆ ಒಂದು ರಾತ್ರಿಗಾಗಿ ಉಳಿದೆಲ್ಲ ಟ್ರಿಪ್ಪನ್ನೂ ಅರ್ಧ ಖಾಲಿ ಓಡಿಸಬೇಕಾಗಿಲ್ಲ. ಹಾಗೆಂದು ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಹೆಚ್ಚು ತುಂಬಿಸುವುದೂ ಬೇಡ. ಅದು ಉಳಿತಾಯವಲ್ಲ, ಬ್ರೇಕಿನ ಮೇಲೆ, ಜೀವದ ಮೇಲೆ ಆಟ.

2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರಕಾರದ ನಿಯಂತ್ರಣ ಹೋಯಿತು. 2017ರ ಜೂನ್ 16ರಿಂದ ದಿನವೂ ದರ ನಿಗದಿ ಮಾಡುವ ಕ್ರಮ ಬಂತು. ಅಡಿಕೆಯ ರೇಟು ಮೊದಲೇ ನಮ್ಮ ಕೈಯಲ್ಲಿಲ್ಲ. ಎಷ್ಟು ಸಲ ಗಾಡಿ ಹೊರಡಿಸಬೇಕು, ಅದರಲ್ಲಿ ಎಷ್ಟು ತುಂಬಿರಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಮಕ್ಕಳ ಹಳೆ ನೋಟ್‌ಪುಸ್ತಕವೊಂದನ್ನು ಗಾಡಿಯಲ್ಲಿಡಿ. ಪ್ರತಿ ಸಲ ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಹಾಕಿದ ಲೀಟರ್, ಮೀಟರಿನ ಕಿಲೋಮೀಟರ್ ಬರೆಯಿರಿ. ಆ ನಡುವೆ ಹೊತ್ತ ಮಾಲು ಎಷ್ಟು ಕ್ವಿಂಟಲ್ ಅಂತ ಮೂರನೆಯ ಸಾಲಿನಲ್ಲಿ ಬರೆಯಿರಿ. ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ, ಆರು ತಿಂಗಳದ್ದು ನೋಡಿ. ಮುಂದಿನ ಸಲ ಯಾರಾದರೂ "ನಿಮ್ಮದು ಎಷ್ಟು ಕೊಡ್ತದೆ?" ಅಂತ ಕೇಳಿದರೆ ಆ ಮೂರನೆಯ ಸಾಲನ್ನೇ ಓದಿ ಹೇಳಿ.