ಗುಡ್ಡಕ್ಕೂ ಟಿಕೆಟ್ಟೇ?

ನಾಲ್ಕು ಮಳೆ ಬಿದ್ದು ಗುಡ್ಡ ಹಸಿರಾದರೆ ಸಾಕು, ರವಿವಾರ ಮುಂಜಾನೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯ ಬೈಕುಗಳು ಸವದತ್ತಿ, ರಾಮದುರ್ಗದ ಹಾದಿ ಹಿಡಿಯುತ್ತವೆ. ಕೆಲವರು ಸೊಗಲದ ಸೋಮೇಶ್ವರನ ಮಗ್ಗುಲಿನ ಜಲಪಾತಕ್ಕೆ, ಕೆಲವರು ಪರಸಗಡ ಕೋಟೆಗೆ, ಇನ್ನು ಕೆಲವರು ಸುರೇಬಾನದ ಹತ್ತಿರದ ಶಬರಿಕೊಳ್ಳಕ್ಕೆ. ಹತ್ತಿರದ ಕಟಕೋಳ ಊರಿನವರಿಗಂತೂ ಬುತ್ತಿ ಕಟ್ಟಿಕೊಂಡು ಹೋಗಿ ಹೊತ್ತು ಮುಳುಗುವುದರೊಳಗೆ ಮನೆ ಸೇರುವಷ್ಟು ದೂರದ ಜಾಗಗಳಿವು. ಇಲ್ಲಿ ಗುಡ್ಡ ಹತ್ತಲು ಬುಕಿಂಗ್ ಮಾಡಬೇಕಿಲ್ಲ, ಹೆಸರು ಬರೆಸಬೇಕಿಲ್ಲ. ಇದು ಹೀಗೆಯೇ ಇರಲಿ ಎನ್ನುವವರಿದ್ದಾರೆ. ಘಟ್ಟದ ಚಾರಣಗಳಂತೆ ಇಲ್ಲಿಗೂ ಟಿಕೆಟ್, ಮಿತಿ, ಮಾರ್ಗದರ್ಶಿ ಬರಲಿ ಎನ್ನುವವರೂ ಇದ್ದಾರೆ.

ಘಟ್ಟದಲ್ಲಿ ನಿಯಮ ಸುಮ್ಮನೆ ಬರಲಿಲ್ಲ. 2024ರ ಜನವರಿ 26ರ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದರು. ಆನ್‌ಲೈನ್ ಬುಕಿಂಗ್ ಇಲ್ಲದ ಅರಣ್ಯ ಚಾರಣಗಳನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಬುಕಿಂಗ್ ಶುರುವಾಯಿತು. ಮುಂಚಿತವಾಗಿ ಹೆಸರು ನೋಂದಾಯಿಸಿದವರಿಗಷ್ಟೇ, ಅದೂ ಮಿತಿಯೊಳಗೆ, ಪ್ರವೇಶ. ಬೆಟ್ಟಕ್ಕೆ ಉಸಿರಾಡಲು ಬಿಡುವು ಸಿಕ್ಕಿತೆಂದು ಬಹಳ ಜನ ಒಪ್ಪಿಕೊಂಡರು.

ಅದೇ ಪದ್ಧತಿ ನಮ್ಮಲ್ಲಿಗೂ ಬೇಕು ಎನ್ನುವವರ ಮಾತಿನಲ್ಲಿ ತೂಕವಿದೆ. ಮೊದಲನೆಯದು ಜೀವದ ಪ್ರಶ್ನೆ. ನೀರಾಡಿದ ಬಂಡೆ ಪಾಚಿಗಟ್ಟಿರುತ್ತದೆ. ಸೆಲ್ಫಿಗೆಂದು ಅಂಚಿಗೆ ಹೋದವನ ಕಾಲು ಜಾರಿದರೆ ಕೈಹಿಡಿಯಲು ಅಲ್ಲಿ ಯಾರೂ ಇರುವುದಿಲ್ಲ. ಎರಡನೆಯದು ಕಲ್ಲಿನ ಪ್ರಶ್ನೆ. ಈ ಗುಡ್ಡಗಳು ಕಲಾದಗಿ ಶಿಲಾಸಮೂಹಕ್ಕೆ ಸೇರಿದವು, ನೂರು ಕೋಟಿ ವರ್ಷಕ್ಕೂ ಹಳೆಯವು. ಅದರ ಪದರಗಳಿಗೆ ಭೂವಿಜ್ಞಾನಿಗಳು ರಾಮದುರ್ಗ, ಸವದತ್ತಿ ಎಂದೇ ಹೆಸರಿಟ್ಟಿದ್ದಾರೆ. ಕೆಲವು ಹಾಸುಬಂಡೆಗಳ ಮೇಲೆ ಅಂದಿನ ನೀರಿನ ಅಲೆ ಮೂಡಿಸಿದ ಸಣ್ಣ ಸಣ್ಣ ಗೆರೆಗಳು ಇನ್ನೂ ಹಾಗೇ ಇವೆ, ಬೆರಳಾಡಿಸಿದರೆ ಏರಿಳಿತ ತಿಳಿಯುತ್ತದೆ. ಅಂಥ ಬಂಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಹೃದಯ ಬಿಡಿಸಿ ಎರಡು ಹೆಸರು ಬರೆದು ಹೋಗುವವರನ್ನು ತಡೆಯುವವರು ಬೇಡವೇ? ಪರಸಗಡದ ಬಿದ್ದ ಗೋಡೆಗಳ ಪಾಡೂ ಇದೇ. ಮೂರನೆಯದು ಕುರುಚಲು ಕಾಡಿನ ಜೀವಿಗಳು. ಬಯಲುಸೀಮೆಯ ಗುಡ್ಡವೆಂದರೆ ಬರೀ ಬೋಳು ಎಂಬ ಎಣಿಕೆ ತಪ್ಪು. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂಥದೇ ಒಣ ನೆಲವನ್ನು ಚಿಂಕಾರ ವನ್ಯಜೀವಿಧಾಮವೆಂದು ಸರ್ಕಾರ ಘೋಷಿಸಿದೆ. ಕೊನೆಯದು, ಊರ ಹುಡುಗರಿಗೆ ನಾಲ್ಕು ಕಾಸು. ಹಾದಿ ತೋರಿಸುವವನಿಗೂ ರೊಟ್ಟಿ, ಝುಣಕ ಮಾಡಿಕೊಡುವ ಮನೆಗೂ ಟಿಕೆಟಿನ ವ್ಯವಸ್ಥೆಯಿಂದ ಕಾಯಂ ಗಳಿಕೆ ಆದೀತು.

ಇನ್ನು ಎದುರು ಪಕ್ಷ. ಕುಮಾರ ಪರ್ವತದ ಹಾದಿ ದಟ್ಟ ಅರಣ್ಯದೊಳಗೆ ಹೋಗುತ್ತದೆ, ಅಲ್ಲಿ ಬಾಗಿಲು ಹಾಕಬಹುದು. ನಮ್ಮ ಗುಡ್ಡಗಳಿಗೆ ಹತ್ತು ದಿಕ್ಕಿನಿಂದ ಹಾದಿ. ಅವನ್ನು ಮಾಡಿದವರು ಚಾರಣಿಗರಲ್ಲ, ಕುರಿ ಕಾಯುವವರು, ಕಟ್ಟಿಗೆ ತರುವ ಹೆಂಗಸರು, ಹರಕೆ ಹೊತ್ತವರು. ಯಲ್ಲಮ್ಮನ ಗುಡ್ಡವನ್ನೇ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬಂದವರು, ನಡೆದೇ ಬಂದವರು ಜೋಗುಳಬಾವಿಯಲ್ಲಿ ಮಿಂದು, ‘ಉಧೋ ಉಧೋ’ ಎನ್ನುತ್ತ ಏರಿ, ಗುಡ್ಡದ ಮೇಲೆಯೇ ಒಲೆ ಹೂಡಿ ಅಡಿಗೆ ಮಾಡಿ ದೇವಿಯ ಬುಟ್ಟಿಯಾದ ಪಡ್ಡಲಗಿ ತುಂಬಿಸುತ್ತಾರೆ. ಆ ನಡಿಗೆಗೆ ನೂರಾರು ವರ್ಷದ ರೂಢಿಯಿದೆ. ನಿನ್ನೆ ಮೊನ್ನೆ ಬಂದ ರವಿವಾರದ ಮೋಜಿಗಾಗಿ ಮಾಡಿದ ನಿಯಮ ಇವರ ಕಾಲಿಗೂ ತೊಡಕಾದರೆ ಅದು ನ್ಯಾಯವಲ್ಲ. ‘ನಾಳಿ ನಮ್ಮ ಕುರಿಗೂ ಟಿಕೆಟ್ ತಗಸಬೇಕೇನ್ರಿ?’ ಎಂದು ಕುರಿ ಕಾಯುವವ ಕೇಳಿದರೆ ನಗುವ ಮಾತಲ್ಲ. ಮೊಬೈಲಿನಲ್ಲಿ ಮುಂಗಡ ಬುಕಿಂಗ್ ಬೆಂಗಳೂರಿನ ಟೆಕ್ಕಿಗೆ ಸಲೀಸು. ಮಳೆ ನಿಂತದ್ದು ನೋಡಿ ಮಕ್ಕಳನ್ನು ಕರೆದುಕೊಂಡು ಹೊರಡುವ ಕಟಕೋಳದ ಮಾಸ್ತರರಿಗೆ ಅಲ್ಲ.

ಟಿಕೆಟ್ ಬೇಡ ಎನ್ನುವವರ ಇನ್ನೊಂದು ಅಂಜಿಕೆ ಸಿಮೆಂಟಿನದು. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರದ ಯೋಜನೆಯೊಂದರಲ್ಲಿ 100 ಕೋಟಿ ರೂಪಾಯಿ ಮಂಜೂರಾಗಿದೆ. ಲಕ್ಷಗಟ್ಟಲೆ ಭಕ್ತರು ಬರುವಲ್ಲಿ ಶೌಚಾಲಯ, ನೆರಳು, ನೀರು ಬೇಕೇ ಬೇಕು. ಆದರೆ ಅದೇ ಅಳತೆಯನ್ನು ಶಬರಿಕೊಳ್ಳಕ್ಕೂ ಪರಸಗಡಕ್ಕೂ ಹಚ್ಚಿದರೆ, ಟಿಕೆಟ್ ಕೌಂಟರಿನ ಹಿಂದೆ ಪೇವರ್ಸ್, ಅದರ ಹಿಂದೆ ಸ್ಟೀಲ್ ರೇಲಿಂಗ್, ಅದರ ಹಿಂದೆ ಸೆಲ್ಫಿ ಪಾಯಿಂಟ್ ಬರಲು ತಡವಾಗದು.

ಎರಡೂ ಕಡೆಯವರು ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನೇ ನೋಡುತ್ತಿದ್ದಾರೆ. ನಮ್ಮಲ್ಲಿ ನೋಡಬೇಕಾದದ್ದು ಜಾಗ ಮತ್ತು ಹೊತ್ತು. ಸೊಗಲದಲ್ಲಿ ಅಪಾಯವಿರುವುದು ನೀರು ಧುಮುಕುವ ಮಳೆಗಾಲದಲ್ಲಿ. ಬೇಸಿಗೆಗೆ ಕಾವಲು ಬೇಕಿಲ್ಲ. ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹತ್ತಿರ ಭದ್ರತೆಯ ಕಟ್ಟುಪಾಡು ಇರಲೇಬೇಕು. ಪರಸಗಡದಲ್ಲಿ ಕಾಯಬೇಕಾದದ್ದು ಗೋಡೆಯನ್ನು. ಉಳಿದ ಹೆಸರಿಲ್ಲದ ಗುಡ್ಡಗಳಲ್ಲಿ ಬೇಸಿಗೆಯ ಬೆಂಕಿಯನ್ನು ಬಿಟ್ಟರೆ ಕಾಯಬೇಕಾದದ್ದು ಕಡಿಮೆ. ಎಲ್ಲಕ್ಕೂ ಒಂದೇ ಟಿಕೆಟ್ ಎನ್ನುವುದು ತಪ್ಪು, ಎಲ್ಲವನ್ನೂ ದೇವರ ಮೇಲೆ ಬಿಡುವುದೂ ತಪ್ಪು.

ನನ್ನ ಮಟ್ಟಿಗೆ ಶುಲ್ಕ ಹಾಕುವುದಾದರೆ ಗಾಡಿಗೆ ಹಾಕಲಿ, ಕಾಲಿಗೆ ಬೇಡ. ಕೆಳಗೆ ಬೈಕು, ಕಾರು ನಿಲ್ಲಿಸುವವರು ಕೊಟ್ಟ ಹಣ ಗ್ರಾಮ ಪಂಚಾಯಿತಿಗೆ ಸೇರಿ, ಅದರಿಂದ ಮಳೆಗಾಲದ ರವಿವಾರಗಳಿಗೆ ಊರಿನ ಇಬ್ಬರನ್ನು ಹಗ್ಗ, ಸೀಟಿ ಕೊಟ್ಟು ನೀರಿನ ಹತ್ತಿರ ನಿಲ್ಲಿಸಲಿ. ನಡೆದು ಬಂದ ಭಕ್ತ, ಕುರಿಗಾರ, ಶಾಲೆಯ ಮಕ್ಕಳಿಗೆ ಹಾದಿ ಮುಕ್ತವಾಗಿರಲಿ. ಇದರಲ್ಲಿ ತೊಡಕಿಲ್ಲವೆಂದಲ್ಲ. ಪಾರ್ಕಿಂಗ್ ವಸೂಲಿ ಗುತ್ತಿಗೆದಾರನ ಪಾಲಾದರೆ ಹಗ್ಗವೂ ಇಲ್ಲ, ಸೀಟಿಯೂ ಇಲ್ಲ, ಬರೀ ರಸೀದಿ ಉಳಿಯುತ್ತದೆ. ಹಾಗಾಗದಂತೆ ವರ್ಷದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿಸುವ ಅಧಿಕಾರ ಊರವರಿಗಿದೆ. ಅದನ್ನು ಬಳಸುವ ಮನಸ್ಸಿಲ್ಲದಿದ್ದರೆ ಟಿಕೆಟ್ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ.