ಗೋಡೆಯ ಮೇಲಿನ ಲೆಕ್ಕ

ಮಕ್ಕಳೇ, ಮನೆಯಲ್ಲಿ ಸಾಲದ ಮಾತು ಬಂದಾಗ ಹಿರಿಯರು, "ನೀವು ಹೊರಗೆ ಆಡಲು ಹೋಗಿರಿ" ಎನ್ನುತ್ತಾರೆ. ಎಳೆಯ ಮನಸ್ಸಿಗೆ ಚಿಂತೆ ಬೇಡ ಎಂಬುದು ಅವರ ಕಳಕಳಿ. ಆದರೆ ನನ್ನ ಅಭಿಪ್ರಾಯ ಬೇರೆ. ಮನೆಯ ಸಾಲ ಎಷ್ಟಿದೆ, ತಿಂಗಳು ತಿಂಗಳು ಎಷ್ಟು ತೀರುತ್ತಿದೆ ಎಂಬುದು ಮಕ್ಕಳಿಗೂ ತಿಳಿದಿರಬೇಕು. ಹೀಗೇಕೆ ಹೇಳುತ್ತೇನೆ ಎಂಬುದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಇದೆ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ನಮ್ಮ ಊರು. ಅಲ್ಲಿ ಮಳೆ ಕಡಿಮೆ. ಜೋಳ, ಸಜ್ಜೆಯೇ ನಮ್ಮ ಬೆಳೆ. 1982ರಲ್ಲಿ ನಮ್ಮ ಜೋಡಿ ಎತ್ತುಗಳಲ್ಲಿ ಒಂದು ಸತ್ತಿತು. ಒಂಟಿ ಎತ್ತಿನಿಂದ ಹೊಲದ ಕೆಲಸ ಸಾಗದು. ಅಪ್ಪ ಊರಿನ ಸಾವಕಾರರಲ್ಲಿ 1000 ರೂಪಾಯಿ ಸಾಲ ಮಾಡಿ ಎತ್ತು ತಂದರು. ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ. ಪ್ರತಿ ತಿಂಗಳೂ ಅಪ್ಪ 20 ರೂಪಾಯಿ ಕೊಟ್ಟು ಬರುತ್ತಿದ್ದರು. ಒಂದು ವರ್ಷ ಕಳೆಯಿತು. "ಇಷ್ಟು ಕೊಟ್ಟರೂ ಸಾಲ ಯಾಕ ಕರಗವಲ್ದು?" ಎಂದು ಅವ್ವ ಕಣ್ಣೀರು ತಂದಳು.

ಆಗ ನಾನು ಆರನೆಯ ತರಗತಿಯಲ್ಲಿದ್ದೆ. ಗುರುಗಳು ಬಡ್ಡಿಯ ಲೆಕ್ಕ ಕಲಿಸಿದ್ದರು. ಪಾಟಿ ತೆಗೆದುಕೊಂಡು ಲೆಕ್ಕ ಮಾಡಿದೆ. 1000 ರೂಪಾಯಿಗೆ ತಿಂಗಳ ಬಡ್ಡಿಯೇ 20 ರೂಪಾಯಿ. ನಾವು ಕೊಡುತ್ತಿದ್ದುದೂ 20. ಕೊಟ್ಟದ್ದೆಲ್ಲ ಬಡ್ಡಿಗೇ ಹೋಗಿತ್ತು, ಅಸಲು ಹಾಗೆಯೇ ಉಳಿದಿತ್ತು! ಸಾವಕಾರರು ಮೋಸ ಮಾಡಿರಲಿಲ್ಲ. ನಮಗೇ ಲೆಕ್ಕ ತಿಳಿದಿರಲಿಲ್ಲ.

ಅಂದು ರಾತ್ರಿ ಎಲ್ಲರೂ ಕಂದೀಲಿನ ಸುತ್ತ ಕುಳಿತೆವು. ಅಪ್ಪ ಸಂತೆಯ ದಿನ ಬಂಡಿಯನ್ನು ಬಾಡಿಗೆಗೆ ಹೊಡೆಯುವುದು, ಅವ್ವ ಎಮ್ಮೆಯ ಹಾಲು ಮಾರುವುದು, ಹೀಗೆ ತಿಂಗಳಿಗೆ 50 ರೂಪಾಯಿ ಕೊಡುವುದೆಂದು ನಿಶ್ಚಯವಾಯಿತು. ಮೊದಲ ತಿಂಗಳು ಬಡ್ಡಿಗೆ 20, ಅಸಲಿಗೆ 30. ಉಳಿದ ಸಾಲ 970. ಮರುತಿಂಗಳ ಬಡ್ಡಿ 19 ರೂಪಾಯಿ 40 ಪೈಸೆ. ಅಸಲು ಇಳಿದಂತೆ ಬಡ್ಡಿಯೂ ಇಳಿಯತೊಡಗಿತು. ಉಳಿದ ಸಾಲವನ್ನು ನಾನು ಪ್ರತಿ ತಿಂಗಳೂ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದೆ. ಓದಲು ಬಾರದ ಅವ್ವ, "ಈಗ ಎಷ್ಟಕ್ಕ ಬಂತಪ್ಪ?" ಎಂದು ಕೇಳುತ್ತಿದ್ದಳು. ಒಂದು ತಿಂಗಳು ಅಪ್ಪನಿಗೆ ಜ್ವರ ಬಂದು ಬಡ್ಡಿಯಷ್ಟನ್ನೇ ಕೊಟ್ಟೆವು. ಅದನ್ನೂ ಬರೆದೆ. 27ನೆಯ ತಿಂಗಳಿಗೆ ಬಡ್ಡಿ ಸೇರಿ 40 ರೂಪಾಯಿಯೊಳಗೆ ಬಾಕಿ ಇತ್ತು. ಅದನ್ನು ಕೊಟ್ಟು ಬಂದ ದಿನ ಅವ್ವ ಹೋಳಿಗೆ ಮಾಡಿದಳು. ಮೊದಲಿನಂತೆ 20 ರೂಪಾಯಿ ಕೊಡುತ್ತಲೇ ಇದ್ದಿದ್ದರೆ, ಅಷ್ಟು ತಿಂಗಳಲ್ಲಿ 540 ರೂಪಾಯಿ ಕೊಟ್ಟೂ 1000 ರೂಪಾಯಿ ಸಾಲ ಉಳಿಯುತ್ತಿತ್ತು.

ಲೆಕ್ಕ ತಿಳಿದ ಮೇಲೆ ನನ್ನ ಚಿಂತೆ ಹೆಚ್ಚಲಿಲ್ಲ, ಕಡಿಮೆಯಾಯಿತು. ಅದಕ್ಕೂ ಹಿಂದಿನ ಜಾತ್ರೆಯಲ್ಲಿ ನಾನು ಹೊಸ ಅಂಗಿಗಾಗಿ ಹಟ ಮಾಡಿ ಊಟ ಬಿಟ್ಟಿದ್ದೆ. ಆಗ ಅಪ್ಪ ಏಕೆ ತಲೆ ತಗ್ಗಿಸಿ ಕುಳಿತಿದ್ದರೆಂದು ಈಗ ತಿಳಿಯಿತು. ಮುಂದಿನ ಜಾತ್ರೆಯಲ್ಲಿ ನಾನು ಅಂಗಿ ಕೇಳಲಿಲ್ಲ. ಮರೆಮಾಚಿದ ಸಾಲ ಮಕ್ಕಳಲ್ಲಿ ಅಂಜಿಕೆ ಹುಟ್ಟಿಸುತ್ತದೆ. ಲೆಕ್ಕಕ್ಕೆ ಸಿಕ್ಕ ಸಾಲಕ್ಕೆ ಕೊನೆಯಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಆದರೆ ಒಂದು ಮಾತು ನೆನಪಿಡಿರಿ. ಸಾಲ ತೀರಿಸುವ ಭಾರ ಮಕ್ಕಳದಲ್ಲ. ಸಾಲಕ್ಕಾಗಿ ಯಾರೂ ಶಾಲೆ ಬಿಡಬಾರದು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ನಾನು ಶಾಲೆ ಬಿಟ್ಟು ಕೂಲಿಗೆ ಹೋಗಿದ್ದರೆ ಆ ಬಡ್ಡಿಯ ಲೆಕ್ಕವನ್ನು ಮಾಡುವವರು ಯಾರಿದ್ದರು?

ಇಂದು ನಿಮ್ಮ ತಾಯಂದಿರು ಬಚತ ಗಟದಿಂದಲೋ ಬ್ಯಾಂಕಿನಿಂದಲೋ ಸಾಲ ಪಡೆದಿರಬಹುದು. ಪಾಸ್‌ಬುಕ್ಕನ್ನು ಅವರೊಡನೆ ಕುಳಿತು ಓದಿರಿ. ಈ ತಿಂಗಳು ಬಡ್ಡಿಗೆ ಎಷ್ಟು ಹೋಯಿತು, ಅಸಲಿಗೆ ಎಷ್ಟು ಹೋಯಿತು ಎಂದು ಕೇಳಿರಿ. ಹಣ ಕೊಟ್ಟದ್ದಕ್ಕೆ ಪಾವತಿ ಪಡೆಯಲು ನೆನಪಿಸಿರಿ. ಉಳಿದ ಸಾಲವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಮನೆಯ ಮಾತನ್ನು ಊರೆಲ್ಲ ಹೇಳಬೇಡಿರಿ, ಆದರೆ ಸಾಲವಿದೆ ಎಂದು ನಾಚಬೇಡಿರಿ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಸಾಲ ತೀರುವುದೂ ಹಾಗೆಯೇ, ತಿಂಗಳಿಗೆ ಇಷ್ಟಿಷ್ಟೇ. ಆ ಇಷ್ಟಿಷ್ಟು ಮನೆಯವರೆಲ್ಲರ ಕಣ್ಣಿಗೆ ಕಾಣುವಂತಿರಲಿ.